ನೂರಾ ಹದಿನೆಂಟನೆಯ ಡಬ್ಬಿ

ಪೆಟ್ಟಿಗೆಗೆ ಒಂಬತ್ತು ನಿಮಿಷ ಸಾಕಾಗುತ್ತಿತ್ತು.

ಕೃಷ್ಣೆಯ ದಂಡೆಯ ಸಿದ್ದನಕೊಪ್ಪದಲ್ಲಿ, ನೇಕಾರರ ಸಂಘದ ನೂಲಿನ ಗೋದಾಮಿನ ಮುಂದೆ, ಆ ಬೆಳಿಗ್ಗೆ ಊರಿಗೆ ಊರೇ ನಿಂತಿತ್ತು. ಒಳಗೆ ಕಾವಲುಗಾರ ಬೆಳಗಿನ ಜಾವ ಕೊಲೆಯಾಗಿ ಬಿದ್ದಿದ್ದ. ರೇಷ್ಮೆ ನೂಲಿನ ಗಂಟುಗಳು ಕಾಣೆಯಾಗಿದ್ದವು. ಪೊಲೀಸ್ ಅಧಿಕಾರಿ ಒಡೆದ ಬೀಗವನ್ನು ಚಿಮಟದಿಂದ ಎತ್ತಿ, ಊಟದ ಬುತ್ತಿಗಿಂತ ದೊಡ್ಡದೇನೂ ಅಲ್ಲದ ಬೂದು ಬಣ್ಣದ ಪೆಟ್ಟಿಗೆಯ ಬಾಯಿಗೆ ಹಿಡಿದ. ಕೂದಲಿಗಿಂತ ತೆಳುವಾದ ಸೂಜಿಯೊಂದು ಹೊರಬಂದು ಬೀಗದ ಮೈಯನ್ನೆಲ್ಲ ಮೂಸಿ ನೋಡಿ ಒಳಗೆ ಹೋಯಿತು. ಅಳುತ್ತಿದ್ದವರೂ ಅಳು ನಿಲ್ಲಿಸಿ ಪೆಟ್ಟಿಗೆಯನ್ನೇ ನೋಡಿದರು. ಒಂಬತ್ತನೆಯ ನಿಮಿಷಕ್ಕೆ ಅದರ ಗಾಜಿನ ಮೇಲೆ ಹಸಿರು ಅಕ್ಷರ ಮೂಡಿತು.

ನಿಂಗರಾಜ ಹಂಜಿ, ಮಗ್ಗದ ಓಣಿ, ಸಿದ್ದನಕೊಪ್ಪ. ತಪ್ಪಾಗುವ ಸಂಭವ: ಎಂಟುನೂರು ಕೋಟಿಯಲ್ಲಿ ಒಂದು.

ನಿಂಗರಾಜ ಆ ಗುಂಪಿನಲ್ಲೇ ನಿಂತಿದ್ದ. ಹೆಸರು ಓದಿದಾಗ ಅವನು ತಿರುಗಿ ಹಿಂದೆ ನೋಡಿದ, ಅದೇ ಹೆಸರಿನವನು ಇನ್ನೊಬ್ಬ ಯಾರಾದರೂ ಇದ್ದಾನೇನೋ ಎನ್ನುವಂತೆ.

ಇದು ನಡೆದದ್ದು ೨೦೫೯ರ ಮಾಘ ಮಾಸದಲ್ಲಿ. ಆ ಹೊತ್ತಿಗೆ ಪೆಟ್ಟಿಗೆ ಬಂದು ಒಂಬತ್ತು ವರ್ಷವಾಗಿತ್ತು. ಅದಕ್ಕೂ ಹಿಂದೆ ಒಬ್ಬ ಮನುಷ್ಯನ ಗುರುತು ಹಿಡಿಯಬೇಕಾದರೆ ರಕ್ತವೋ ಎಂಜಲೋ ಬೇಕಾಗುತ್ತಿತ್ತು. ನಮ್ಮ ಮೈಯ ಪ್ರತಿಯೊಂದು ಜೀವಕೋಶದಲ್ಲೂ ಡಿಎನ್‌ಎ ಎಂಬ ಉದ್ದನೆಯ ಎಳೆಯೊಂದು ಮಡಿಸಿಕೊಂಡು ಕೂತಿದೆ. ಒಂದೇ ರೂಪದ ಅವಳಿಗಳನ್ನು ಬಿಟ್ಟರೆ ಇಬ್ಬರ ಎಳೆ ಪೂರ್ತಿ ಒಂದೇ ಸಮ ಇರುವುದಿಲ್ಲ. ಆದರೆ ಕೈ ತಾಗಿದ ಜಾಗದಲ್ಲಿ ಉದುರುವುದು ಮೂರೋ ನಾಲ್ಕೋ ಕೋಶ, ಅವೂ ಹರಿದುಹೋದವು. ಡಾಕ್ಟರ್ ವಾದಿರಾಜ ಕೊಪ್ಪರ ಎಂಬ ವಿಜ್ಞಾನಿ ಕಂಡುಹಿಡಿದ ಈ ಪೆಟ್ಟಿಗೆ ಆ ಹರಿದ ತುಂಡುಗಳನ್ನು ಓದಿ, ನಡುವೆ ಬಿಟ್ಟುಹೋದದ್ದನ್ನು ಲೆಕ್ಕ ಹಾಕಿ ತಾನೇ ತುಂಬಿಕೊಳ್ಳುತ್ತಿತ್ತು. ಇಂಥ ಭಾಗದ ಪಕ್ಕದಲ್ಲಿ ಸಾಮಾನ್ಯವಾಗಿ ಇಂಥದ್ದೇ ಭಾಗ ಇರುತ್ತದೆ ಎಂಬ ಊಹೆಯಿಂದ. ತುಂಬಿಕೊಂಡ ಮೇಲೆ, ಸರಕಾರದ ಆರೋಗ್ಯ ಚೀಟಿ ಮಾಡಿಸಿದವರ ಪಟ್ಟಿಯಲ್ಲಿ ಹುಡುಕಿ ಹೆಸರು ಹೇಳುತ್ತಿತ್ತು. ಸರಕಾರಿ ಆಸ್ಪತ್ರೆಗೆ ಹೋಗುವವರೆಲ್ಲ ಆ ಚೀಟಿ ಮಾಡಿಸಿದ್ದರು. ಉಳಿದವರು ಮಾಡಿಸಿರಲಿಲ್ಲ. ನಿಂಗರಾಜನಿಗೆ ಒಮ್ಮೆ ಕಾಮಾಲೆಯಾಗಿತ್ತು. ಅವನ ಹೆಸರು ಪಟ್ಟಿಯಲ್ಲಿತ್ತು.

ವಿಚಾರಣೆ ನಾಲ್ಕು ದಿನದಲ್ಲಿ ಮುಗಿಯಿತು. ಕದ್ದ ನೂಲು ಸಿಗಲಿಲ್ಲ, ಕಂಡವರು ಒಬ್ಬರೂ ಇರಲಿಲ್ಲ. ಓಣಿಯ ಏಳು ಜನ ಬಂದು, ಆ ಬೆಳಗಿನ ಜಾವದಿಂದ ಅವನು ಕೈಮಗ್ಗದ ಮುಂದೆ ಕೂತಿದ್ದನೆಂದು ಹೇಳಿದರು.

“ಕಣ್ಣಿಂದ ನೋಡಿದಿರಾ?” ಎಂದು ಸರಕಾರಿ ವಕೀಲರು ಕೇಳಿದರು.

“ನೋಡೂದು ಯಾಕ ಬೇಕ್ರಿ? ಮಗ್ಗದ ಸಪ್ಪಳ ಕೇಳ್ತಿತ್ತಲ್ರಿ,” ಎಂದ ಪಕ್ಕದ ಮನೆಯ ಮುದುಕ. “ಒಬ್ಬೊಬ್ಬಂದು ಒಂದೊಂದು ಸಪ್ಪಳ. ನಿಂಗ್ಯಾ ಲಾಳಿ ಬಲಕ್ಕ ಒಗಿಯೂದು ಜೋರು, ಎಡಕ್ಕ ಒಗಿಯೂದು ಮೆತ್ತಗ. ಹೆಂಡ್ತಿ ಕೆಮ್ಮಿನಂಗ ಗೊತ್ತಾಗ್ತದ್ರಿ.”

ನ್ಯಾಯಾಲಯದಲ್ಲಿ ಎಲ್ಲರೂ ನಕ್ಕರು. ಮುದುಕನೂ ನಕ್ಕ, ತಾನು ಗೆದ್ದೆ ಅಂದುಕೊಂಡು. ಮಗ್ಗದ ಸದ್ದು ಸಾಕ್ಷ್ಯವಲ್ಲ, ಪೆಟ್ಟಿಗೆಯ ಮಾತು ಸಾಕ್ಷ್ಯ ಎಂದು ಬರೆದು ನ್ಯಾಯಾಧೀಶರು ನಿಂಗರಾಜನಿಗೆ ಜೀವಾವಧಿ ಶಿಕ್ಷೆ ಕೊಟ್ಟರು.

*

ಡಾಕ್ಟರ್ ಅಂಬುಜಾ ಕುಲಗೋಡ ಪೆಟ್ಟಿಗೆ ಕಂಡುಹಿಡಿದವರಲ್ಲ. ಅದನ್ನು ಪರೀಕ್ಷಿಸಿದವರು. ಹೊಸದೊಂದು ವಿಧಾನ ಬಂದರೆ ಅದನ್ನು ನೇರ ಕೋರ್ಟಿಗೆ ಒಯ್ಯುವ ಹಾಗಿಲ್ಲ. ಉತ್ತರ ಮೊದಲೇ ಗೊತ್ತಿರುವ ನೂರಾರು ಮಾದರಿಗಳನ್ನು ಅದರ ಮುಂದಿಟ್ಟು, ಎಷ್ಟು ಸಲ ಸರಿ ಹೇಳಿತು, ಎಲ್ಲಿ ಎಡವಿತು, ಯಾವ ಮಿತಿ ದಾಟಿದರೆ ನಂಬಬಾರದು ಎಂದು ಬರೆದಿಡಬೇಕು. ತಕ್ಕಡಿಯನ್ನು ತೂಗುವ ಕೆಲಸ ಎಂದುಕೊಳ್ಳಿ. ಪೆಟ್ಟಿಗೆಯ ಪರೀಕ್ಷಾ ವರದಿಗೆ ೨೦೪೯ರಲ್ಲಿ ಸಹಿ ಹಾಕಿದವರು ಅಂಬುಜಾ. ಆಗ ಅವರಿಗೆ ಮೂವತ್ನಾಲ್ಕು ವರ್ಷ.

ನಿಂಗರಾಜನ ತಾಯಿ ಬಾಳವ್ವ ಪ್ರತಿ ಮಂಗಳವಾರ ಮಗನನ್ನು ನೋಡಲು ಜೈಲಿಗೆ ಬರುತ್ತಿದ್ದಳು. ಜೈಲಿನಿಂದ ಅಂಬುಜಾರ ಪ್ರಯೋಗಾಲಯಕ್ಕೆ ನಡೆದರೆ ಅರ್ಧ ತಾಸು. ಪೆಟ್ಟಿಗೆಗೆ ಒಪ್ಪಿಗೆ ಕೊಟ್ಟವರು ಅಲ್ಲಿದ್ದಾರೆ ಎಂದು ಯಾರೋ ಹೇಳಿದ್ದರು. ಗೇಟಿನ ಹತ್ತಿರ ಐದು ಮಂಗಳವಾರ ಕೂತಳು. ಆರನೆಯ ಮಂಗಳವಾರ ಕಾವಲಿನವನಿಗೇ ಬೇಸರವಾಗಿ ಒಳಗೆ ಬಿಟ್ಟ.

“ಪೆಟ್ಟಿಗಿ ಖರೇ ಹೇಳ್ತೈತಿ ಅಂತ ಬರಕೊಟ್ಟಾರು ನೀವೇನ್ರಿ ಬಾಯಾರ?”

“ಹೌದು, ನಾನೇ. ಕುಂಡ್ರಿ.”

ಬಾಳವ್ವ ತನ್ನ ಹೆಸರು, ಮಗನ ಹೆಸರು ಹೇಳಿ ಕುರ್ಚಿಯ ತುದಿಯಲ್ಲಿ ಕೂತಳು. ಕೈಯಲ್ಲಿ ಬಟ್ಟೆ ಸುತ್ತಿದ ಸ್ಟೀಲಿನ ಡಬ್ಬಿ ಇತ್ತು.

“ಅದು ಎಂದೂ ತಪ್ಪೇ ಇಲ್ಲೇನ್ರಿ?”

“ನಾಲ್ಕು ಸಾವಿರ ಸಲ ನೋಡೇವಿ, ಬಾಳವ್ವ. ಒಮ್ಮೆನೂ ತಪ್ಪಿಲ್ಲ.”

“ಯಾರ್‍ಯಾರದು ನೋಡಿದ್ರಿ?”

ಇಂಥ ಪ್ರಶ್ನೆಯನ್ನು ವಕೀಲರು ಯಾರೂ ಕೇಳಿರಲಿಲ್ಲ. ಅಂಬುಜಾ ಕಾಗದದ ಮೇಲೆ ನಾಲ್ಕು ಗೆರೆ ಎಳೆದು, ಹರಿದ ಎಳೆಯಿಂದ ಇಡೀ ಎಳೆಯನ್ನು ಪೆಟ್ಟಿಗೆ ಹೇಗೆ ಊಹಿಸುತ್ತದೆ ಎಂದು ತಿಳಿಸಿ ಹೇಳಿದರು. ಬಾಳವ್ವ ನಲವತ್ತು ವರ್ಷ ನೇಯ್ದವಳು, ತಲೆಯಾಡಿಸುತ್ತ ಕೇಳಿದಳು.

“ಅಂದ್ರ ನಾಕು ಎಳಿ ನೋಡಿ ಸೀರಿ ಇಂಥಾದ್ದು ಅಂತೀರಿ. ಪ್ಯಾಟ್ಯಾಗಿನ ಸೀರಿ ಆದ್ರ ಹೇಳಬಹುದು, ಒಂದ ನಮೂನಿ ಇನ್ನೊಂದಿಲ್ಲ. ನಮ್ಮ ಓಣ್ಯಾಗ ಎಲ್ಲಾ ಸೀರಿಗೂ ಅದ ಅಂಚಲ್ರಿ ಬಾಯಾರ. ಅಕ್ಕನ ಮಗಳನ್ನ ತಮ್ಮಗ ಕೊಡ್ತೀವಿ, ಅಣ್ಣನ ಮಗನ್ನ ಅಳಿಯ ಮಾಡಕೋತೀವಿ. ನನ್ನ ಮದಿವ್ಯಾಗ ನಾ ಆ ಮನಿಗೆ ಹೋದೆ, ನನ್ನ ಗಂಡನ ತಂಗಿ ನಮ್ಮ ಅಣ್ಣಗ ಬಂದ್ಳು. ಒಂದ ಹಂದರದಾಗ ಎರಡು ಮದಿವಿ, ಎರಡು ಅಕ್ಕಿಕಾಳು. ನಮ್ಮ ಅವ್ವಂದೂ ಹಂಗ, ಅವರವ್ವಂದೂ ಹಂಗ.”

ಅಂಬುಜಾ ತಾವು ಎಳೆದ ಗೆರೆಗಳನ್ನು ಮತ್ತೊಮ್ಮೆ ನೋಡಿದರು. ಜೈಲಿನ ಕಾವಲಿನವರು ಡಬ್ಬಿಯನ್ನು ಒಳಗೆ ಬಿಡದ್ದರಿಂದ ರೊಟ್ಟಿ ಮಗನಿಗೆ ಮುಟ್ಟಿರಲಿಲ್ಲ. “ನೀವರ ತಿನ್ರಿ,” ಎಂದು ಬಾಳವ್ವ ಬಟ್ಟೆ ಬಿಚ್ಚಿದಳು. ಡಬ್ಬಿಯ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಏನೋ ಹೊಡೆದಿತ್ತು. ಆ ಕಡೆ ಸ್ಟೀಲಿನ ಪಾತ್ರೆ ಕೊಂಡರೆ ಹೆಸರು ಹೊಡೆಸದೆ ಯಾರೂ ಮನೆಗೆ ಒಯ್ಯುವುದಿಲ್ಲ. ಆದರೆ ಇದು ಹೆಸರಲ್ಲ, ಅಂಕಿ. ೧೧೭.

“ಇದು ಎಲ್ಲಿಂದ ಬಂತು?”

“ನಿಮ್ಮಂಥಾರ ಕೊಟ್ಟಿದ್ದು. ನಿಂಗ್ಯಾ ಹದಿನೆಂಟರಾಂವ ಇದ್ದ. ಸಾಲ್ಯಾಗ ಗಾಜಿನ ಕಡ್ಡಿ ಹಿಡಿಸಿಕೊಂಡು, ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಕೊಟ್ಟಿದ್ರು.”

ಅಂಬುಜಾ ಮುರಿದ ರೊಟ್ಟಿಯನ್ನು ಡಬ್ಬಿಯೊಳಗೇ ಇಟ್ಟು, ಮುಚ್ಚಳದ ಅಂಕಿಯನ್ನು ಕಾಗದದ ಮೇಲೆ ಬರೆದುಕೊಂಡರು.

*

ಬಾಳವ್ವ ಹೋದ ಮೇಲೆ ಅವರು ಹಳೆಯ ವರದಿ ತೆರೆದರು. ಹೆಚ್ಚೇನೂ ಹುಡುಕಬೇಕಾಗಲಿಲ್ಲ, ಗೆರೆಗಳನ್ನು ಎಳೆದ ಕೈ ಅವರದೇ.

೨೦೪೯ರಲ್ಲಿ ಸಿದ್ದನಕೊಪ್ಪದ ಶಾಲೆಯಲ್ಲಿ ಮುನ್ನೂರ ಎಂಬತ್ತು ಜನರಿಗೆ ಹತ್ತು ಎಣಿಸುವವರೆಗೆ ಗಾಜಿನ ಕಡ್ಡಿ ಹಿಡಿಸಿದ್ದರು. ಕಡ್ಡಿಗೆ ಅಂಟಿದ ಒಂದೆರಡು ಕೋಶ ಓದಿ, ಪೆಟ್ಟಿಗೆ ಎಲ್ಲರನ್ನೂ ಬೇರೆ ಬೇರೆ ಎಂದು ಗುರುತಿಸುತ್ತದೆಯೇ ಎಂದು ನೋಡುವುದಿತ್ತು. ಗುಟ್ಟು ಕಾಯಬೇಕೆಂದು ಹೆಸರು ಬರೆದುಕೊಳ್ಳಲಿಲ್ಲ, ಬರೀ ಸಂಖ್ಯೆ. ಅದೇ ಸಂಖ್ಯೆಯನ್ನು ಉಡುಗೊರೆಯ ಡಬ್ಬಿಯ ಮೇಲೂ ಹೊಡೆಸಿ ಕೊಟ್ಟರು. ಮೂರನೆಯ ದಿನ ಪೆಟ್ಟಿಗೆಯ ಉತ್ತರ ಬಂತು. ನಲವತ್ತೊಂದು ಜೋಡಿಗಳಲ್ಲಿ ಇಬ್ಬರೂ ಒಬ್ಬರೇ ಎಂದಿತು. ೧೧೭ ಮತ್ತು ೧೧೮ ಒಬ್ಬನೇ. ೨೦೩ ಮತ್ತು ೨೪೦ ಒಬ್ಬಳೇ.

ಅವತ್ತು ಅಲ್ಲಿದ್ದವರೆಲ್ಲ ನಕ್ಕಿದ್ದರು. “ಡಬ್ಬಿ ಆಸೆಗೆ ಎರಡೆರಡು ಸಲ ಸಾಲಿನ್ಯಾಗ ನಿಂತಾರ ನೋಡ್ರಿ!” ಎಂದು ಯಾರೋ ಹೇಳಿದರು. ಚಹಾ ಬರುವ ಹೊತ್ತಾಗಿತ್ತು. ಅಂಬುಜಾ ಸ್ಟೀಲಿನ ಅಳತೆಪಟ್ಟಿ ಇಟ್ಟು ಜೋಡಿಯಲ್ಲಿ ಎರಡನೆಯದರ ಮೇಲೆ ಒಂದೊಂದೇ ನೇರ ಗೆರೆ ಎಳೆದರು. ನಲವತ್ತೊಂದು ಗೆರೆ. ಕೊನೆಗೆ ಬರೆದರು: ಕೈಬಿಟ್ಟ ಮಾದರಿ ೪೧. ಕಾರಣ: ದಾನಿಗಳ ಅಪ್ರಾಮಾಣಿಕತೆ.

ಪೆಟ್ಟಿಗೆಯನ್ನು ಪರೀಕ್ಷಿಸಲು ಜನರನ್ನು ಕರೆಸಿದ್ದರು. ಜನರ ಲೆಕ್ಕಕ್ಕೂ ಪೆಟ್ಟಿಗೆಯ ಲೆಕ್ಕಕ್ಕೂ ತಾಳೆಯಾಗದಾಗ ಪೆಟ್ಟಿಗೆಯನ್ನು ನಂಬಿ ಜನರನ್ನು ಕಳ್ಳರೆಂದರು. ಉಳಿದ ಮಾದರಿಗಳಲ್ಲಿ ಪೆಟ್ಟಿಗೆ ಒಮ್ಮೆಯೂ ತಪ್ಪಲಿಲ್ಲ. ಹೇಗೆ ತಪ್ಪೀತು? ತಪ್ಪಿದ್ದನ್ನೆಲ್ಲ ಅವರೇ ತೆಗೆದುಹಾಕಿದ್ದರು.

ಮರುದಿನ ಕೊಪ್ಪರರ ಮುಂದೆ ವರದಿ ಇಟ್ಟರು. ಕೊಪ್ಪರರಿಗೆ ಎಪ್ಪತ್ತಾಗಿತ್ತು; ಕೆಟ್ಟ ಮನುಷ್ಯರಲ್ಲ. ಪುಟವನ್ನು ಎರಡು ಸಲ ಓದಿದರು.

“ಬೀಗದ ಮ್ಯಾಲಿನ ಕೋಶ ಉಳದಾವೇನು? ಸಾಕಷ್ಟು ಉಳದಿದ್ರ ಹಳೇ ಪದ್ಧತಿಲೆ ಪೂರ್ತಿ ಓದಸೋಣ.”

“ನಾಲ್ಕೇ ಇದ್ವು ಸರ್. ನಾಲ್ಕೂ ಪೆಟ್ಟಿಗೆ ಒಳಗ ಕರಗಿ ಹೋಗ್ಯಾವ.”

“ಹಂಗಾದ್ರ ಇವು ನಲವತ್ತೊಂದೂ ಬ್ಯಾರೆ ಮಂದಿ ಅಂತ ಹೆಂಗ ತೋರಸ್ತೀರಿ? ಹೊಸ ಪರೀಕ್ಷೆ ಮಾಡಾಕ ಮೇಲ್ಮನವಿ ತನಕ ವ್ಯಾಳೆ ಸಾಲೂದಿಲ್ಲ. ಹಳೇ ಪಟ್ಟ್ಯಾಗ ಹೆಸರಿಲ್ಲ. ಆಸೆಬುರುಕರು ಅಂತ ನಾವೇ ಬರದೇವಿ.”

“ಡಬ್ಬಿ ಅದಾವ ಸರ್. ಒಬ್ಬನೇ ಎರಡು ಸಲ ತಗೊಂಡಿದ್ರ ಎರಡೂ ಡಬ್ಬಿ ಒಂದೇ ಮನ್ಯಾಗ ಇರಬೇಕು. ಬ್ಯಾರೆ ಮಂದಿ ಆಗಿದ್ರ ಬ್ಯಾರೆ ಮನ್ಯಾಗ. ಕೋರ್ಟಿನವರನ್ನ ಕರಕೊಂಡು ಹೋಗಿ ಮುಚ್ಚಳದ ಮ್ಯಾಲಿನ ಸಂಖ್ಯೆ ಬರಸೋಣ.”

ಕೊಪ್ಪರರು ಕನ್ನಡಕ ತೆಗೆದಿಟ್ಟರು. “ಅಂಬುಜಾ, ಈ ಪೆಟ್ಟಿಗೆ ಮಾತಿನ ಮ್ಯಾಲೆ ಆರು ಸಾವಿರ ಮಂದಿ ಒಳಗದಾರ. ಅವರೊಳಗ ಖರೇ ಕೊಲೆಗಡುಕರು ಎಷ್ಟು, ನಿಂಗರಾಜನಂಥಾವರು ಎಷ್ಟು, ಗೊತ್ತದ ಏನು ನಿಮಗ?”

“ಗೊತ್ತಿಲ್ಲ. ಅದಕ್ಕೇ ಸರ್.”

“ಅದಕ್ಕೇ ಅಂದೆ ನಾನೂ,” ಎಂದರು ಅವರು. ಇಬ್ಬರೂ ಹೇಳಿದ್ದು ಒಂದೇ ಮಾತು, ಅರ್ಥ ಮಾತ್ರ ತಿರುಗುಮುರುಗು.

*

ಮೇಲ್ಮನವಿಯ ವಿಚಾರಣೆಗೆ ಮೂರು ವಾರವಿತ್ತು. ಮುಂದಿನ ಮಂಗಳವಾರ ಬಾಳವ್ವ ಬಂದಾಗ ಅಂಬುಜಾ ಎಲ್ಲವನ್ನೂ ಹೇಳಿದರು. ತಪ್ಪು ಪೆಟ್ಟಿಗೆಯದು, ಅದನ್ನು ಸರಿ ಎಂದು ಬರೆದುಕೊಟ್ಟ ತಪ್ಪು ತನ್ನದು ಎಂದೂ ಹೇಳಿದರು. ಮುದುಕಿಯ ಮುಖ ಅರಳಿತು. ಎದ್ದು ಅಂಬುಜಾರ ಎರಡೂ ಕೆನ್ನೆ ಸವರಿ, ಬೆರಳನ್ನು ತನ್ನ ಹಣೆಗೆ ಒತ್ತಿ ನೆಟಿಕೆ ಮುರಿದಳು.

“ಇನ್ನೊಂದು ಬೇಕು ಬಾಳವ್ವ. ನೂರಾ ಹದಿನೆಂಟು ಯಾರ ಮನ್ಯಾಗ ಐತಿ? ನಿಂಗರಾಜನ ಹಿಂದ ಸಾಲಿನ್ಯಾಗ ಯಾರು ನಿಂತಿದ್ರು?”

ಬಾಳವ್ವನ ಕೈ ಅಲ್ಲೇ ನಿಂತಿತು.

“ಅದು ಯಾಕ ಬೇಕ್ರಿ?”

“ಅವರಿಬ್ಬರನ್ನೂ ಪೆಟ್ಟಿಗೆ ಒಬ್ಬನೇ ಅಂದೈತಿ. ಇಬ್ಬರು ಅದಾರ ಅಂತ ತೋರಿಸಿದ್ರ ನಿಂಗರಾಜ ಹೊರಗ ಬರ್ತಾನ.”

“ಮತ್ತ ಆ ಇನ್ನೊಬ್ಬ?”

ಅಂಬುಜಾ ಮೇಜಿನ ಮೇಲಿನ ವರದಿಯನ್ನು ಮುಚ್ಚಿದರು. ಇನ್ನೊಬ್ಬನ ಮನೆಗೆ ಪೊಲೀಸರು ಹೋಗುತ್ತಾರೆ, ಅದು ಇಬ್ಬರಿಗೂ ಗೊತ್ತಿತ್ತು.

“ಓಣ್ಯಾಗ ಕೇಳಿ ಹೇಳ್ತೀನ್ರಿ,” ಎಂದು ಬಾಳವ್ವ ಸೆರಗು ಹೊದ್ದುಕೊಂಡು ಹೋದಳು.

ಹನ್ನೊಂದು ದಿನದ ನಂತರ ಅಂಬುಜಾ ನ್ಯಾಯಾಲಯದ ಗುಮಾಸ್ತರೊಬ್ಬರನ್ನು ಕರೆದುಕೊಂಡು ಸಿದ್ದನಕೊಪ್ಪಕ್ಕೆ ಹೋದರು. ಮಗ್ಗದ ಓಣಿಯಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಎರಡೂ ಕಡೆ ಲಾಳಿಗಳು ಓಡುತ್ತಿದ್ದವು. ಇವರು ಕಾಲಿಟ್ಟಂತೆ ಒಂದೊಂದೇ ಮನೆಯ ಸದ್ದು ನಿಂತಿತು. ಮೊದಲನೆಯ ಮನೆಯ ಹೆಂಗಸು ಕೇಳಿದ ಕೂಡಲೇ ಡಬ್ಬಿ ತಂದು ಕೈಗಿತ್ತಳು. ಮುಚ್ಚಳದ ನಡುವೆ ಅಂಗೈಯಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಸಂಖ್ಯೆ ಇದ್ದ ಜಾಗವನ್ನು ಉಪ್ಪುಕಾಗದ ಹಾಕಿ ಉಜ್ಜಿದ್ದರು.

“ಬೆಳಗೂದು ಸ್ವಲ್ಪ ಜಾಸ್ತಿ ಆಗೇತ್ರಿ ಅಕ್ಕಾರ,” ಎಂದಳು ಆಕೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಎರಡನೆಯ ಮನೆಯಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಒಂದು ಮನೆಯಲ್ಲಿ ಮುಚ್ಚಳ ಕಾಗೆ ಒಯ್ದಿತು ಎಂದರು. “ಈ ಊರಿನ ಕಾಗೆ ಭಾರೀ ಗಟ್ಟಿ,” ಎಂದು ಗುಮಾಸ್ತರು ಗೊಣಗಿದರು. “ಹೌದ್ರಿ, ರಾಗಿ ತಿಂತಾವು,” ಎಂದ ಒಬ್ಬ ಮುದುಕ. ಆ ಸೀಮೆಯಲ್ಲಿ ರಾಗಿ ಬೆಳೆಯುವುದೇ ಇಲ್ಲ. ನ್ಯಾಯಾಲಯದಲ್ಲಿ ಮಗ್ಗದ ಸಪ್ಪಳದ ಸಾಕ್ಷಿ ಹೇಳಿ ನಗಿಸಿಕೊಂಡವನು ಅವನೇ. ಈ ಸಲ ಅವನು ನಗಲಿಲ್ಲ.

ಓಣಿಯ ಕೊನೆಯಲ್ಲಿ ಬಾಳವ್ವನ ಮನೆ. ಒಳಗೆ ನಿಂಗರಾಜನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇನ್ನೂ ಹಾಗೇ ಇತ್ತು, ಮೇಲೆ ಧೂಳು. ಹೊಸ್ತಿಲ ಹತ್ತಿರ ಒಬ್ಬ ಹೆಣ್ಣುಮಗಳು ಎರಡು ಮಕ್ಕಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಇವರನ್ನು ನೋಡಿ ಮಕ್ಕಳ ಸಮೇತ ಎದ್ದು ಹಿತ್ತಲಿಗೆ ಹೋದಳು.

“ನನ್ನ ಮಗಳ್ರಿ, ಶಿವಲೀಲಾ,” ಎಂದಳು ಬಾಳವ್ವ. “ನಮ್ಮ ಅಣ್ಣನ ಮಗಗ ಕೊಟ್ಟೀವಿ, ಗುರುಬಸುಗ. ಬಾಜೂ ಮನಿ.” ಅಷ್ಟು ಹೇಳಿ ಅಂಬುಜಾರ ಕಣ್ಣನ್ನೇ ನೋಡುತ್ತ ನಿಂತಳು. ಗುಮಾಸ್ತರು ಹೊರಗೆ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು.

ಅಂಬುಜಾರಿಗೆ ಅರ್ಥವಾಯಿತು.

“ಬಾಳವ್ವ, ನಿಂಗರಾಜ ಏನೂ ಮಾಡಿಲ್ಲ,” ಎಂದರು ಮೆಲ್ಲಗೆ.

“ಅದನ್ನ ನೀವು ನನಗ ಹೇಳಬೇಕೇನ್ರಿ?” ಮುದುಕಿಯ ದನಿ ಏರಲಿಲ್ಲ. “ಅವತ್ತ ಯಾವ ಮಗ್ಗ ನಡದಿತ್ತು ಅಂತ ಏಳು ಮಂದಿ ಹೇಳಿದ್ರು, ನೀವೆಲ್ಲಾ ನಕ್ರಿ. ಯಾವ ಮಗ್ಗ ನಿಂತಿತ್ತು ಅಂತ ಯಾರೂ ಕೇಳಲಿಲ್ಲ. ಕೇಳಿದ್ರೂ ನಾವು ಹೇಳ್ತಿದ್ದಿಲ್ಲ, ಆ ಮಾತು ಬ್ಯಾರೆ. ಇನ್ನೊಬ್ಬನ್ನ ಹಿಡಕೊಟ್ಟು ನನ್ನ ಮಗನ್ನ ಬಿಡಿಸಿಕೊಳ್ಳೂದಿದ್ರ ನಿಮ್ಮ ಬಾಗಲಾಗ ಐದು ವಾರ ನಾಯಿ ಹಂಗ ಯಾಕ ಕುಂಡ್ರತಿದ್ದೆ? ಪೆಟ್ಟಿಗಿ ತಪ್ಪೈತಿ ಅಂತ ಹೇಳ್ರಿ ಅಂತ ಬಂದೆ. ನೀವು, ಇವನಲ್ಲಂದ್ರ ಮತ್ಯಾರು ಅಂತ ಕೇಳಿದ್ರಿ.”

“ನಿಮ್ಮ ಮಗ ಸಾಯೋತನಕ ಒಳಗ ಇರ್ತಾನ.”

“ನಿಂಗ್ಯಾನ ಹೇಳ್ಯಾನ್ರಿ. ಹೋದ ಮಂಗಳವಾರ ಕೇಳಿದೆ. ನನಗ ಹೆಂಡ್ತಿಲ್ಲ ಮಕ್ಕಳಿಲ್ಲ, ಅಕ್ಕನ ಮನಿ ಮುರಿಬ್ಯಾಡ ಅಂದ.” ಬಾಳವ್ವ ಮಗ್ಗದ ಹತ್ತಿರ ಹೋಗಿ ಸೀರೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. “ಡಬ್ಬಿ ನಾನ ಉಜ್ಜೀನ್ರಿ, ನನ್ನ ಮಗಳ ಮನೀದು. ಓಣ್ಯಾಗಿನವರು ಅದನ್ನ ನೋಡಿ ತಮ್ಮ ತಮ್ಮವು ಉಜ್ಜಿದ್ರು. ನಾಳಿ ನಿಮ್ಮ ಪೆಟ್ಟಿಗಿ ಯಾರ ಮನೀ ಹುಡುಗನ ಹೆಸರು ಹೇಳ್ತೈತೋ ಯಾರಿಗೆ ಗೊತ್ತು? ಒಬ್ಬಂದು ಹೇಳಿದ್ರ ನಾಕು ಮನಿ ಕೆಡ್ತಾವು.”

ಅವಳು ಗೂಡಿನಿಂದ ತನ್ನ ಡಬ್ಬಿ ತೆಗೆದು ಅಂಬುಜಾರ ಕೈಗಿಟ್ಟಳು. ೧೧೭ ಎಂಬ ಚುಕ್ಕಿಗಳು ಹಾಗೇ ಇದ್ದವು.

“ಇದನ್ನ ಉಜ್ಜಿಲ್ಲ. ಉಜ್ಜಾಕ ಕೈ ಬರಲಿಲ್ಲ. ನೀವು ಒಯ್ರಿ. ಜೈಲಿನ್ಯಾಗಂತೂ ಬಿಡೂದಿಲ್ಲ.”

*

ಆದರೂ ಅಂಬುಜಾ ನ್ಯಾಯಾಲಯದಲ್ಲಿ ನಿಂತು ಹೇಳಿದರು. ತಾನು ಪರೀಕ್ಷಿಸಿದ ವಿಧಾನ ತಪ್ಪೆಂದು, ರಕ್ತಸಂಬಂಧದೊಳಗೇ ತಲೆಮಾರುಗಟ್ಟಲೆ ಮದುವೆಯಾಗುವ ಜನರ ನಡುವೆ ಪೆಟ್ಟಿಗೆಯ ಊಹೆ ನಿಲ್ಲುವುದಿಲ್ಲವೆಂದು, ನಲವತ್ತೊಂದು ಜನರನ್ನು ತಾನೇ ಗೆರೆ ಎಳೆದು ಅಳಿಸಿದೆನೆಂದು. ನ್ಯಾಯಾಧೀಶರು ತಾಳ್ಮೆಯಿಂದ ಕೇಳಿದರು. ನೂರಾ ಹದಿನೆಂಟು ಎಂಬ ಬೇರೆ ಮನುಷ್ಯ ಇದ್ದನೆನ್ನುವುದಕ್ಕೆ ಆಧಾರವೇನು ಎಂದು ಕೇಳಿದರು. ಅಂಬುಜಾ ಒಂದು ಡಬ್ಬಿಯನ್ನು ಮುಂದಿಟ್ಟರು. ಅದರ ಮೇಲೆ ೧೧೭ ಎಂದಿತ್ತು. ಅವರ ಬಾಯಿಯಲ್ಲಿ ಒಂದು ಹೆಸರಿತ್ತು. ಅದನ್ನು ಅವರು ಹೇಳಲಿಲ್ಲ. ಹೇಳಿದ್ದರೂ ಅದು ಇನ್ನೊಂದು ಊಹೆಯಷ್ಟೇ ಆಗುತ್ತಿತ್ತು. ಊಹೆಯಿಂದ ಒಬ್ಬನನ್ನು ಒಳಗೆ ಹಾಕಿದ್ದು ಸಾಕಾಗಿತ್ತು.

ಮೇಲ್ಮನವಿ ವಜಾ ಆಯಿತು.

ಅಂಬುಜಾರ ಹೇಳಿಕೆಯನ್ನು ಪ್ರಯೋಗಾಲಯ ಹಗುರವಾಗಿ ತೆಗೆದುಕೊಳ್ಳಲಿಲ್ಲ ಎನ್ನಬೇಕು. ಸಮಿತಿಯೊಂದು ಕೂತು ಏಳು ತಿಂಗಳು ವಿಚಾರ ಮಾಡಿತು. ಪರೀಕ್ಷಾ ವಿಧಾನದ ಕೈಪಿಡಿಗೆ ಹೊಸದಾಗಿ ಒಂದು ಸಾಲು ಸೇರಿಸಿತು: ಇನ್ನು ಮುಂದೆ ಮಾದರಿ ಕೊಡುವವರಿಗೆ ಯಾವುದೇ ಉಡುಗೊರೆ ಕೊಡಬಾರದು.

ಅಂಬುಜಾ ಆ ವರ್ಷವೇ ಕೆಲಸ ಬಿಟ್ಟರು. ಪ್ರತಿ ಮಂಗಳವಾರ ಜೈಲಿನ ಗೇಟಿನ ಹತ್ತಿರ ಬಾಳವ್ವನ ಜೊತೆ ಕೂರುತ್ತಾರೆ. ಮಾತು ಕಡಿಮೆ. ಮಗನಿಗೆ ಮುಟ್ಟದೆ ಉಳಿದ ರೊಟ್ಟಿಯನ್ನು ಇಬ್ಬರೂ ಮುರಿದುಕೊಂಡು ತಿನ್ನುತ್ತಾರೆ.

ಇದೆಲ್ಲ ಆಗುವುದಕ್ಕೆ ಇನ್ನೂ ವರ್ಷಗಳಿವೆ. ಸಿದ್ದನಕೊಪ್ಪದ ಪಟ್ಟಿಯನ್ನು ಇನ್ನೂ ಯಾರೂ ಬರೆದಿಲ್ಲ, ಡಬ್ಬಿಗಳ ಮೇಲೆ ಚುಕ್ಕಿ ಬಿದ್ದಿಲ್ಲ. ಅಳತೆಪಟ್ಟಿ ಇಟ್ಟು ನಲವತ್ತೊಂದು ಗೆರೆ ಎಳೆಯಲಿರುವ ಹುಡುಗಿ ಇವತ್ತು ಯಾವುದೋ ಶಾಲೆಯ ಬೆಂಚಿನ ಮೇಲೆ ಕೂತಿದ್ದಾಳೆ. ತಾಳೆಯಾಗದ ಉತ್ತರವನ್ನು ಅವಳು ಪುಸ್ತಕದಲ್ಲಿ ಹೊಡೆದುಹಾಕಿದ್ದಾಳೆ. ಅದು ಯಾಕೆ ತಾಳೆಯಾಗಲಿಲ್ಲ ಎಂದು ಟೀಚರು ಕೇಳುತ್ತಿಲ್ಲ. ಗೆರೆ ಎಷ್ಟು ನೇರ ಬಂದಿದೆ ನೋಡಿ ಎಂದು ಪುಸ್ತಕ ಎತ್ತಿ ಹಿಡಿದು, ಎಲ್ಲ ಮಕ್ಕಳಿಗೂ ತೋರಿಸುತ್ತಿದ್ದಾರೆ.